ಕೇಳು, ಮುಟ್ಟು

ಕಂಪ್ಯೂಟರ್ ಮನೆಗೆ ಬಂದದ್ದು ಒಂದು ಭಾನುವಾರ, ಮಗನ ಸ್ಕೂಟರಿನ ಹಿಂಬದಿಗೆ ಹಗ್ಗ ಬಿಗಿಸಿಕೊಂಡು. ಸೊಸೆ ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೊಸದು ಬಂದಾಗ ಮೂಲೆಗೆ ಬಿದ್ದಿದ್ದ ಹಳೆಯದು ಅದು. ಬೇಕಾದರೆ ಒಯ್ಯಿ ಎಂದು ಮಾಲೀಕರು ಸುಮ್ಮನೆ ಕೊಟ್ಟಿದ್ದರು. ಎರಡು ಕೋಣೆ, ಒಂದು ಅಡುಗೆಮನೆಯ ಆ ಮನೆಯಲ್ಲಿ ಅದನ್ನಿಡಲು ಜಾಗವಿದ್ದದ್ದು ಒಂದೇ ಕಡೆ, ನಡುಮನೆಯ ಕಿಟಕಿಯ ಕೆಳಗೆ. ಅಲ್ಲಿ ಅಜ್ಜಿಯ ಮಂಚವಿತ್ತು. ಮಂಚವನ್ನು ಎದುರು ಗೋಡೆಗೆ ತಳ್ಳಿ ಮೇಜು ಹಾಕಿದರು. ಅಜ್ಜಿಯನ್ನು ಯಾರೂ ಕೇಳಲಿಲ್ಲ ಅಂತಲ್ಲ. ಮಗ ಕೇಳಿದ್ದ. ಆದರೆ ಮೇಜಿನ ಕಾಲಿಗೆ ಸ್ಕ್ರೂ ಬಿಗಿಸುತ್ತ ತಲೆ ತಗ್ಗಿಸಿ ಕೇಳಿದ್ದರಿಂದ ಅವಳಿಗೆ ತಿಳಿಯಲಿಲ್ಲ. ತಿಳಿಯದ ಮಾತಿಗೆಲ್ಲ ಕೊಡುತ್ತಿದ್ದ ಉತ್ತರವನ್ನೇ ಆಗಲೂ ಕೊಟ್ಟಳು. ಸಣ್ಣಗೆ ನಕ್ಕು, "ಆಗಲಿ ಬಿಡು" ಅಂದಳು.

ಅಜ್ಜಿ ಮೂವತ್ತೊಂದು ವರ್ಷ ನೇಯ್ಗೆ ಮಿಲ್ಲಿನಲ್ಲಿ ದುಡಿದವಳು. ಇನ್ನೂರು ಮಗ್ಗಗಳು ಒಂದೇ ಸೂರಿನಡಿ ಬಡಿದುಕೊಳ್ಳುವ ಆ ಶೆಡ್ಡಿನಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಮಾತು ಮುಟ್ಟುತ್ತಿರಲಿಲ್ಲ. ಅಲ್ಲಿನ ಹೆಂಗಸರು ತುಟಿಯಲ್ಲಿ, ಕೈಯಲ್ಲಿ ಮಾತಾಡುತ್ತಿದ್ದರು. ನೂಲು ಹರಿದರೆ ಒಂದು ಸನ್ನೆ, ಮೇಸ್ತ್ರಿ ಬಂದರೆ ಒಂದು ಸನ್ನೆ, ಮೇಸ್ತ್ರಿಯ ಹೊಟ್ಟೆಯ ವಿಚಾರಕ್ಕೆ ಬೇರೆಯದೇ ಒಂದು. ಕೆಲಸ ಬಿಟ್ಟು ಬರುವ ಹೊತ್ತಿಗೆ ಕೈಯ ಮಾತು ಉಳಿದಿತ್ತು, ಕಿವಿ ಹೋಗಿತ್ತು. ಅಜ್ಜಿಗೆ ಕಿವಿ ಸ್ವಲ್ಪ ಮಂದ ಅಂತಷ್ಟೇ ಮನೆಯವರಿಗೆ ಗೊತ್ತು. ಎಷ್ಟು ಮಂದ ಅನ್ನುವುದನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಎದುರು ಕೂತು ಮಾತಾಡಿದರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದಳು. ಉಳಿದದ್ದಕ್ಕೆ ನಗುವಿತ್ತು.

ಮನೆಯಲ್ಲಿ ನಾಲ್ಕನೆಯವಳು ಮೊಮ್ಮಗಳು. ಹುಟ್ಟಿದಾಗ ಕೈಯಲ್ಲಿ ಹಿಡಿದರೆ ಇದ್ದಾಳೋ ಇಲ್ಲವೋ ಅನ್ನುವಷ್ಟು ಸಣ್ಣಗಿದ್ದಳೆಂದು ಅಪ್ಪ ಚಿಣ್ಣಿ ಎಂದು ಕರೆದಿದ್ದ, ಅದೇ ನಿಂತಿತು. ನಾಲ್ಕು ತುಂಬಿದರೂ ಅವಳ ಬಾಯಲ್ಲಿ ಬರುತ್ತಿದ್ದದ್ದು ಐದಾರು ಶಬ್ದ, ಅವೂ ಅರ್ಧಂಬರ್ಧ. ಅವರಪ್ಪನೂ ಹೀಗೇ ತಡವಾಗಿ ಬಾಯಿಬಿಟ್ಟವನು ಎಂದು ಅಜ್ಜಿ ಎಲ್ಲರಿಗೂ ಸಮಾಧಾನ ಹೇಳುತ್ತಿದ್ದಳು. ಸೊಸೆಗೆ ಅದಕ್ಕಿಂತ ಚುಚ್ಚುತ್ತಿದ್ದದ್ದು ಇನ್ನೊಂದು. ತಾನು ಕರೆದರೆ ಮಗು ತಿರುಗುತ್ತಿರಲಿಲ್ಲ. ಅತ್ತೆ ಎದುರಿಗೆ ಬಂದು ಗಲ್ಲ ಹಿಡಿದು ದೊಡ್ಡ ದನಿಯಲ್ಲಿ ಏನಾದರೂ ಅಂದರೆ ತಕ್ಷಣ ಮಾಡುತ್ತಿದ್ದಳು. ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಬಂದು ನೋಡುವ ಮಗುವನ್ನು ಕಂಡು ಸೊಸೆ ಅಂಗಡಿಯಲ್ಲಿ ಎರಡು ಸಲ ಕಣ್ಣು ಪರೀಕ್ಷೆ ಮಾಡಿಸಿದ್ದಳು. ಎರಡು ಸಲವೂ ಕಣ್ಣಿಗೇನೂ ಆಗಿಲ್ಲ ಅಂದರು. ಹಾಗಾದರೆ ಇದು ಅತ್ತೆ ಕೊಟ್ಟ ಮುದ್ದಿನ ಫಲ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಕಂಪ್ಯೂಟರಿನಲ್ಲಿ ಸಣ್ಣ ಮಕ್ಕಳಿಗೆ ಕಲಿಸುವ ಆಟಗಳಿದ್ದವು. ಸೊಸೆಯ ಜೊತೆಯ ಕೆಲಸದವಳು ಹಾಕಿಕೊಟ್ಟದ್ದು. ತನ್ನ ಮಗ ಇದರಲ್ಲೇ ಎಣಿಕೆ ಕಲಿತ, ಶಾಲೆಯವರೇ ಬೆರಗಾದರು ಎಂದು ಆಕೆ ಹೇಳಿದ್ದಳಂತೆ. ಹಸಿರು ಗಿಣಿಯೊಂದು ಪರದೆಯ ಮೂಲೆಯಲ್ಲಿ ಕೂತು ಕೊಕ್ಕು ಆಡಿಸುತ್ತಿತ್ತು. ಸೇಬುಗಳನ್ನು ಎಣಿಸಿ ಬುಟ್ಟಿಗೆ ಹಾಕಬೇಕು, ಕೆಂಪು ಚೌಕವನ್ನು ಕೆಂಪು ಗೂಡಿಗೆ ಸೇರಿಸಬೇಕು, ಅಕ್ಷರದ ತುಂಡುಗಳನ್ನು ಕೂಡಿಸಬೇಕು. ಸರಿಯಾದರೆ ನಕ್ಷತ್ರ ಉದುರುತ್ತಿತ್ತು.

ಚಿಣ್ಣಿ ಒಂದು ವಾರದಲ್ಲಿ ಮೌಸನ್ನು ಅಪ್ಪನಿಗಿಂತ ಚೆನ್ನಾಗಿ ಹಿಡಿದಳು. ಎರಡನೇ ವಾರಕ್ಕೆ ಹತ್ತರವರೆಗಿನ ಬುಟ್ಟಿಗಳೆಲ್ಲ ಮುಗಿದವು. ಗಿಣಿ ಹೇಳಿ ಮುಗಿಸುವುದಕ್ಕೂ ಕಾಯದೆ ಕೈ ಓಡಿಸುತ್ತಿದ್ದಳು. ಸೊಸೆ ಸಂಜೆ ಚಪ್ಪಲಿ ಕಳಚುವ ಮೊದಲೇ ನಕ್ಷತ್ರ ನೋಡುತ್ತಿದ್ದಳು. ಬೇಳೆ ಬೇಯುವವರೆಗೆ ಮಗಳ ಪಕ್ಕ ಕುರ್ಚಿ ಎಳೆದು ಕೂರುತ್ತಿದ್ದಳು. ಮೊದಲ ಸಲ ಈ ಮಗು ತನ್ನದೂ ಆಯಿತು ಎಂಬಂತೆ ಅವಳ ಮುಖ ಅರಳಿರುತ್ತಿತ್ತು. ಎದುರು ಗೋಡೆಯ ಮಂಚದಿಂದ ಅಜ್ಜಿಗೆ ಕಾಣುತ್ತಿದ್ದದ್ದು ಇಬ್ಬರ ಬೆನ್ನು. ಬೆನ್ನಿನಿಂದ ಏನೂ ಓದಲಾಗುವುದಿಲ್ಲ. ಅವಳು ಎದ್ದು ಹೋಗಿ ಒಲೆ ನೋಡುತ್ತಿದ್ದಳು.

ಮೂರನೇ ವಾರ ಜಗಳ ಹತ್ತಿತು. ಊಟಕ್ಕೆ ಕೂತಿದ್ದಾಗ ಚಿಣ್ಣಿ ಹೆಬ್ಬೆರಳನ್ನು ತುಟಿಗೆ ತಾಗಿಸಿದಳು, ಅಜ್ಜಿ ನೀರಿನ ಲೋಟ ಕೊಟ್ಟಳು. ಸೊಸೆ ಲೋಟವನ್ನು ಮಗುವಿನ ಕೈಯಿಂದ ತೆಗೆದು ಮೇಜಿನ ನಡುವೆ ಇಟ್ಟಳು.

"ಬಾಯಿಬಿಟ್ಟು ಕೇಳಲಿ ಅತ್ತೆ. ಕೈ ಆಡಿಸಿದ ತಕ್ಷಣ ನೀವು ಕೊಟ್ಟುಬಿಡ್ತೀರಿ. ಆಮೇಲೆ ಅವಳು ಯಾಕೆ ಮಾತಾಡ್ತಾಳೆ?"

"ಬಾಯಾರಿದೆ ಕಣಮ್ಮ ಅದಕ್ಕೆ."

"ನೀರು ಅನ್ನೋಕೆ ಎಷ್ಟು ಹೊತ್ತು ಬೇಕು? ಲೆಕ್ಕ ಬರುತ್ತೆ, ಬಣ್ಣ ಬರುತ್ತೆ, ದಡ್ಡಿ ಅಲ್ಲ ಅವಳು. ನೀವು ಮೂಗಿ ಮಾಡಿ ಇಟ್ಟಿದ್ದೀರಿ."

ಮಗ ಲಿಫ್ಟ್ ರಿಪೇರಿ ಕೆಲಸದವನು. ದಿನವಿಡೀ ನಡುದಾರಿಯಲ್ಲಿ ಸಿಕ್ಕಿಬಿದ್ದವರನ್ನು ಹೊರಗೆ ತೆಗೆಯುವವನಿಗೆ ಮನೆಯೊಳಗೆ ಆ ಕಸುಬು ಬರುತ್ತಿರಲಿಲ್ಲ. ಅವನು ಆಲೂಗಡ್ಡೆ ಇನ್ನೂ ಇದೆಯಾ ಎಂದು ಕೇಳಿದ. ಚಿಣ್ಣಿ ಒಬ್ಬೊಬ್ಬರ ಬಾಯನ್ನೂ ಸರದಿಯಲ್ಲಿ ನೋಡಿದಳು. ಹೆಬ್ಬೆರಳನ್ನು ಮತ್ತೆ ತುಟಿಗೆ ತಂದಳು, ಅಮ್ಮನ ಕಣ್ಣು ಕಂಡು ಇಳಿಸಿದಳು. ಅನ್ನವನ್ನು ನೀರಿಲ್ಲದೆ ತಿಂದು ಎದ್ದಳು.

ಅಂದಿನಿಂದ ಮನೆಯಲ್ಲಿ ಸನ್ನೆಗೆ ತಡೆ ಬಿತ್ತು. ಸೊಸೆ ಇಲ್ಲದ ಹೊತ್ತಿನಲ್ಲಿ ಅಜ್ಜಿ ಅದನ್ನು ಮುರಿಯುತ್ತಿದ್ದಳು. ಮಧ್ಯಾಹ್ನವಿಡೀ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಈರುಳ್ಳಿ ಸುಲಿಯುತ್ತ, ಬಟ್ಟೆ ಮಡಚುತ್ತ ಕೈಯಲ್ಲೇ ಹರಟೆ ಹೊಡೆಯುತ್ತಿದ್ದರು. ಎದುರು ಮನೆಯ ಬೆಕ್ಕು ಹಾಲಿಗೆ ಬಾಯಿ ಹಾಕಿದ್ದು, ಅಪ್ಪ ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಕಾಲುಚೀಲ ಹಾಕಿ ಹೋದದ್ದು. ಚಿಣ್ಣಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಆದರೆ ಸಂಜೆ ಬಾಗಿಲು ತೆರೆದ ಕೂಡಲೇ ಎರಡೂ ಕೈ ಬೆನ್ನ ಹಿಂದೆ ಹೋಗುತ್ತಿದ್ದವು. ಅಷ್ಟು ಸಣ್ಣ ಮಗು ಕೈ ಬಚ್ಚಿಡುವುದನ್ನು ಕಲಿತದ್ದು ಅಜ್ಜಿಗೆ ಸರಿಬರುತ್ತಿರಲಿಲ್ಲ. ಹಾಗೆಂದು ಆ ಗುಟ್ಟಿನಲ್ಲಿ ಅವಳಿಗೆ ಸುಖವೂ ಇತ್ತು.

ಐದನೇ ವಾರಕ್ಕೆ ಆಟ ಹೊಸ ಹಂತಕ್ಕೆ ಬಂದಿತು. ಅದರ ಹೆಸರು 'ಕೇಳು, ಮುಟ್ಟು'. ಪರದೆಯ ಮೇಲೆ ನಾಲ್ಕು ಮುಚ್ಚಿದ ಬಾಗಿಲು, ಬಾಗಿಲ ಮೇಲೆ ನಾಯಿ, ಹಸು, ರೈಲು, ಗಂಟೆಯ ಚಿತ್ರ. ಗಿಣಿ ಒಂದು ಸದ್ದು ಕೇಳಿಸುತ್ತದೆ, ಆ ಸದ್ದಿನ ಬಾಗಿಲು ತೆರೆಯಬೇಕು. ಚಿಣ್ಣಿ ಒಂದಾದ ಮೇಲೊಂದು ತಪ್ಪು ಬಾಗಿಲು ತೆರೆದಳು. ಮೊದಲ ದಿನ ಸೊಸೆ ನಕ್ಕಳು. ಎರಡನೇ ದಿನ ಕೈ ಹಿಡಿದು ತಾನೇ ತೆರೆಸಿದಳು. ಶಿಶುವಿಹಾರಕ್ಕೆ ಸೇರಿಸಲು ಕರೆದುಕೊಂಡು ಹೋಗುವ ದಿನ ಹತ್ತಿರ ಬರುತ್ತಿತ್ತು. ಅಲ್ಲಿ ಮಗುವನ್ನು ಎದುರು ಕೂರಿಸಿಕೊಂಡು ಇದನ್ನೇ ಕೇಳುತ್ತಾರಂತೆ. ಮೂರನೇ ದಿನ, ರೈಲಿನ ಬದಲು ಹಸುವಿನ ಬಾಗಿಲು ನಾಲ್ಕನೇ ಸಲ ತೆರೆದಾಗ, ಸೊಸೆ ಮಗಳ ಕೆನ್ನೆಗೆ ಹೊಡೆದಳು.

"ಹಟ. ಬರೀ ಹಟ. ಸೇಬು ಎಣಿಸೋಕೆ ಬರುತ್ತೆ, ರೈಲು ಗೊತ್ತಾಗಲ್ವಾ ನಿನಗೆ?"

ಚಿಣ್ಣಿ ಅಳಲಿಲ್ಲ. ಅಮ್ಮನ ತುಟಿಯನ್ನೇ ನೋಡುತ್ತ ನಿಂತಳು. ಅಜ್ಜಿ ಮಂಚದಿಂದ ಎದ್ದು ಬಂದು ಮಗುವನ್ನು ಎತ್ತಿಕೊಳ್ಳಲು ಹೋದಳು. ನೀವು ನಡುವೆ ಬರಬೇಡಿ ಎಂದು ಸೊಸೆ ಅಂದದ್ದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಕಾಣದವಳಂತೆ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಮರುದಿನ ಮಧ್ಯಾಹ್ನ ಅಜ್ಜಿ ತಾನೇ ಕಂಪ್ಯೂಟರ್ ಹಾಕಿದಳು. ಮಗನನ್ನು ನೋಡಿ ನೋಡಿ ಗುಂಡಿ ಒತ್ತುವುದು ಗೊತ್ತಾಗಿತ್ತು. ಮಗುವಿಗೆ ತಾನೇ ಕಲಿಸಿ, ಸಂಜೆ ಸೊಸೆಯೆದುರು ತೆರೆಸಿ ತೋರಿಸಬೇಕೆಂಬ ಹಟ ಅವಳದು. ಚಿಣ್ಣಿಯನ್ನು ಮಡಿಲಲ್ಲಿ ಕೂರಿಸಿಕೊಂಡಳು. ನಾಲ್ಕು ಬಾಗಿಲು ಬಂದವು. ಗಿಣಿಯ ಕೊಕ್ಕು ತೆರೆಯಿತು, ಮುಚ್ಚಿತು. ಅಜ್ಜಿಗೆ ಏನೂ ಕೇಳಿಸಲಿಲ್ಲ. ಕಿವಿಯನ್ನು ಸದ್ದು ಬರುವ ಡಬ್ಬಿಯ ಹತ್ತಿರ ತಂದಳು, ಆಗಲೂ ಕೇಳಿಸಲಿಲ್ಲ. ಮಗು ಹೇಳುತ್ತಾಳೇನೋ ಎಂದು ಮಡಿಲ ಕಡೆ ತಲೆ ಬಗ್ಗಿಸಿದಳು. ಮಗು ಅಷ್ಟರಲ್ಲೇ ಅವಳ ಕಡೆ ತಿರುಗಿ ಅವಳ ತುಟಿ ನೋಡುತ್ತ ಕಾಯುತ್ತಿದ್ದಳು. ಅಜ್ಜಿ ಏನೂ ಹೇಳದಿದ್ದಾಗ ಸಣ್ಣಗೆ ನಕ್ಕಳು.

ಆ ನಗು ಅಜ್ಜಿಗೆ ಗೊತ್ತಿತ್ತು. ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಕಿಟಕಿಯಲ್ಲಿ, ಸ್ವಂತ ಮಗನ ಮುಂದೆ ಇಷ್ಟು ವರ್ಷ ಅವಳು ನಕ್ಕ ನಗು ಅದು. ತಿಳಿಯಿತು ಅನ್ನಿಸಿಕೊಳ್ಳುವುದಕ್ಕೆ ನಗುವ ನಗು.

ಇದು ಅವಳಿಗೆ ಅಂದೇ ಹೊಳೆದ ಸಂಗತಿಯೂ ಅಲ್ಲ. ಎಂಟು ತಿಂಗಳ ಹಿಂದೆ ಒಮ್ಮೆ ಅಜ್ಜಿ ಮೊಮ್ಮಗಳು ಬ್ರೆಡ್ ತರಲು ಹೋಗಿದ್ದಾಗ ಗೋದಾಮಿನ ಗಲ್ಲಿಯಲ್ಲಿ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಮುಂದೆ ನಡೆಯುತ್ತಿದ್ದ ಚಿಣ್ಣಿ ತಿರುಗಲಿಲ್ಲ, ಹಿಂದಿದ್ದ ಅಜ್ಜಿಯೂ ತಿರುಗಲಿಲ್ಲ. ಹಮಾಲಿಯೊಬ್ಬ ಓಡಿಬಂದು ಇಬ್ಬರನ್ನೂ ರಟ್ಟೆ ಹಿಡಿದು ಗೋಡೆಗೆ ಎಳೆದ. ಹಾರ್ನ್ ಹೊಡೆದೂ ಹೊಡೆದೂ ಸಾಕಾಯ್ತು, ಇಬ್ಬರಿಗೂ ಕಿವಿ ಕೇಳಲ್ವಾ ಎಂದು ಬೈದ. ಅವನ ತುಟಿಯ ಮೇಲೆ ಅವಳು ಓದಿದ ಆ 'ಇಬ್ಬರಿಗೂ' ಅನ್ನುವ ಶಬ್ದ ಅವಳ ಜೊತೆ ಮನೆಗೆ ಬಂದಿತ್ತು. ಮನೆಯಲ್ಲಿ ಅವಳು ಅದನ್ನು ಯಾರ ಕಿವಿಗೂ ಹಾಕಲಿಲ್ಲ.

ಮಗುವಿನ ಆ ನಗು ಕಂಡ ಮೇಲೂ ಎರಡು ದಿನ ಹಾಗೇ ಕಳೆದಳು. ಮೂರನೆಯ ದಿನ ಬೆಳಿಗ್ಗೆ ಮೊಟ್ಟೆ ಬೇಯಿಸಿ ಎಲ್ಲರ ತಟ್ಟೆಗೂ ಹಾಕಿ, ತಾನು ಕೂರದೆ ನಿಂತೇ ಹೇಳಿದಳು.

"ಚಿಣ್ಣಿಗೆ ಕಿವಿ ಕೇಳಲ್ಲ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸೊಸೆಯ ಬಾಯಿಂದ ಮಾತು ಎಷ್ಟು ವೇಗವಾಗಿ ಬಂತೆಂದರೆ ಅಜ್ಜಿಗೆ ಅರ್ಧ ಮಾತ್ರ ಸಿಕ್ಕಿತು. ನಿಮಗೆ ಕೇಳದಿದ್ದರೆ ಲೋಕಕ್ಕೇ ಕೇಳಲ್ವಾ, ಮಗು ಚೆನ್ನಾಗಿ ಕಲಿಯೋದು ನಿಮಗೆ ಸಹಿಸಲ್ಲ, ನೀವು ಕರೆದರೆ ಹೇಗೆ ಬರ್ತಾಳೆ ಹಾಗಾದರೆ.

"ನಾನು ಕರೆಯಲ್ಲ ಕಣೆ, ಎದುರಿಗೆ ಹೋಗಿ ನಿಲ್ತೀನಿ. ನೀನು ಹಿಂದಿನಿಂದ ಕರಿ. ಈಗಲೇ ಕರಿ."

ಚಿಣ್ಣಿ ಕಂಪ್ಯೂಟರಿನ ಮೇಜಿನ ಬಳಿ ಬೆನ್ನು ಮಾಡಿ ಕೂತು ಸೇಬು ಎಣಿಸುತ್ತಿದ್ದಳು. ಸೊಸೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕರೆದಳು. ಅಜ್ಜಿಗೆ ಅವಳ ದನಿಯೇನೂ ಕೇಳಲಿಲ್ಲ, ಬಾಯಿ ತೆರೆದದ್ದು ಕಂಡಿತು. ಮಗು ಒಂದು ಸೇಬನ್ನು ಬುಟ್ಟಿಗೆ ಹಾಕಿತು. ಸೊಸೆ ಎರಡು ಹೆಜ್ಜೆ ಮುಂದೆ ಬಂದು ಇನ್ನೊಮ್ಮೆ ಕರೆದಳು. ಅವಳ ಕೊರಳ ನರ ಉಬ್ಬಿದವು. ಮಗು ಇನ್ನೊಂದು ಸೇಬು ಹಾಕಿತು. ಮಗ ತಟ್ಟೆ ಬಿಟ್ಟು ಎದ್ದು ನಿಂತ. ಸೊಸೆ ಕುರ್ಚಿಯ ಹಿಂದೆಯೇ ಬಂದು, ಬಗ್ಗಿ, ಮೆಲ್ಲಗೆ ಏನೋ ಅಂದಳು. ಏನಂದಳೋ ಅಜ್ಜಿಗೆ ಕಾಣಲಿಲ್ಲ. ಪರದೆಯ ಮೇಲೆ ನಕ್ಷತ್ರಗಳು ಉದುರಿದವು. ಚಿಣ್ಣಿ ಚಪ್ಪಾಳೆ ತಟ್ಟಿ, ಅಜ್ಜಿಗೆ ತೋರಿಸಬೇಕೆಂದು ತಿರುಗಿದವಳು ಅಷ್ಟು ಹತ್ತಿರದಲ್ಲಿ ಅಮ್ಮನ ಮುಖ ಕಂಡು ಬೆಚ್ಚಿಬಿದ್ದಳು. ಹೊಡೆಯುತ್ತಾಳೆಂದು ಕೆನ್ನೆಗೆ ಕೈ ಅಡ್ಡ ಹಿಡಿದಳು.

ಆ ವಾರವೇ ದೊಡ್ಡ ಆಸ್ಪತ್ರೆಗೆ ಹೋದರು. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಮಗುವನ್ನು ಅಪ್ಪನ ತೊಡೆಯ ಮೇಲೆ ಕೂರಿಸಿ, ತಲೆಗೆ ದಪ್ಪ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿಸಿದಾಗಲೆಲ್ಲ ಒಂದು ಮರದ ಉಂಗುರವನ್ನು ಕೋಲಿಗೆ ಹಾಕಬೇಕೆಂದು ಅಲ್ಲಿನ ಹುಡುಗಿ ಮಾಡಿ ತೋರಿಸಿದಳು. ಚಿಣ್ಣಿ ಉಂಗುರ ಹಿಡಿದು ಕಾದಳು, ಬಹಳ ಹೊತ್ತು ಕಾದಳು. ಕೊನೆಗೆ ಹುಡುಗಿಯ ಮುಖ ನೋಡಿ, ಇವಳಿಗೆ ಬೇಜಾರಾಗಬಾರದೆಂಬಂತೆ, ಒಂದು ಉಂಗುರ ಹಾಕಿ ನಕ್ಕಳು.

ಡಾಕ್ಟರ್ ಹೇಳಿದ್ದನ್ನು ಮಗ ಹೊರಗೆ ಬಂದು ಅಜ್ಜಿಗೆ ಎದುರು ನಿಂತು ಹೇಳಿದ. ಎರಡೂ ಕಿವಿ ಬಹಳ ಮಟ್ಟಿಗೆ ಹೋಗಿವೆ. ಹುಟ್ಟಿನಿಂದಲೋ ಆಮೇಲೆಯೋ ಈಗ ಹೇಳೋದು ಕಷ್ಟ. ಕಿವಿಗೆ ಮಿಷನ್ ಹಾಕಿದರೆ ಕೇಳಿಸುತ್ತೆ, ಆದರೆ ಮಾತು ಕೂರುವ ವಯಸ್ಸು ಜಾರಿಹೋಗ್ತಾ ಇದೆ. ಎರಡನೇ ವರ್ಷಕ್ಕೇ ಬರಬೇಕಿತ್ತು, ಈಗ ಒಂದೊಂದು ತಿಂಗಳೂ ಲೆಕ್ಕಕ್ಕೆ ಬರುತ್ತೆ ಅಂದರಂತೆ. ಹೇಳಿ ಮುಗಿಸಿ ಅವನು ಮಗುವಿಗೆ ಬಿಸ್ಕತ್ತು ತರಲು ಹೋದ.

ಕಾರಿಡಾರಿನ ಬೆಂಚಿನ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದರು. ಸೊಸೆ ಅಜ್ಜಿಯ ಕಡೆ ತಿರುಗಿ ನೇರ ಕೂತಳು. ಎದುರು ಮುಖ ಮಾಡಿ ಮಾತಾಡಬೇಕೆಂದು ಅವಳಿಗೆ ನೆನಪಾದದ್ದು ಅದೇ ಮೊದಲು.

"ಅಷ್ಟು ಖಾತ್ರಿಯಾಗಿ ಹೇಳಿದಿರಲ್ಲ ಅತ್ತೆ. ಯಾವಾಗ ಗೊತ್ತಾಯ್ತು ನಿಮಗೆ?"

ಮೊನ್ನೆ ಆ ಆಟದ ಮುಂದೆ ಕೂತಾಗ ಅನ್ನಬಹುದಿತ್ತು. ಅಂದಿದ್ದರೆ ಸೊಸೆ ನಂಬುತ್ತಿದ್ದಳು, ಪ್ರಾಯಶಃ ಕೈಯನ್ನೂ ಹಿಡಿದುಕೊಳ್ಳುತ್ತಿದ್ದಳು. ಅಜ್ಜಿ ಲಾರಿಯ ಸಂಗತಿ ಹೇಳಿದಳು. ಗಲ್ಲಿ ಯಾವುದು, ಆ ಮನುಷ್ಯ ಏನಂದ, ತಾನು ಮನೆಗೆ ಬಂದು ಏನು ಮಾಡಿದೆ, ಎಲ್ಲ ಹೇಳಿದಳು.

"ಎಂಟು ತಿಂಗಳು" ಅಂದಳು ಸೊಸೆ.

"ಹೂಂ."

"ಯಾಕೆ?"

ಅಜ್ಜಿ ತನ್ನ ದನಿ ಎಷ್ಟು ದೊಡ್ಡದಾಗಿ ಬರುತ್ತಿದೆಯೋ ಎಂದು ಅಂಜುತ್ತ, ಎದುರು ಬೆಂಚಿನವರು ತಿರುಗಿ ನೋಡುವುದನ್ನು ಕಾಣುತ್ತ ಹೇಳಿದಳು. "ನನ್ನ ಮಾತು ಅವಳಿಗೆ ಗೊತ್ತಾಗ್ತಿತ್ತು. ಅವಳ ಮಾತು ನನಗೆ ಗೊತ್ತಾಗ್ತಿತ್ತು. ಮಿಲ್ಲು ಬಿಟ್ಟ ಮೇಲೆ ನನ್ನ ಜೊತೆ ಯಾರೂ ಹಾಗೆ ಮಾತಾಡಿರಲಿಲ್ಲ ಕಣಮ್ಮ."

ಸೊಸೆ ಬೈಯಲಿಲ್ಲ. ಅಜ್ಜಿ ಕಾದಳು, ಬೈಗುಳಕ್ಕೆ ಸಿದ್ಧಳಾಗಿ ಅವಳ ತುಟಿಯನ್ನೇ ನೋಡುತ್ತ ಕಾದಳು. ಸೊಸೆ ಎದ್ದು ಗಂಡ ಹೋದ ದಿಕ್ಕಿಗೆ ನಡೆದಳು.

ಆಮೇಲೆ ಆ ಮನೆಯಲ್ಲಿ ಜಗಳವೇ ಆಗಲಿಲ್ಲ. ಚಿಣ್ಣಿಯ ಎರಡೂ ಕಿವಿಯ ಹಿಂದೆ ಹುಣಸೆ ಬೀಜದಂಥ ಮಿಷನ್‌ಗಳು ಬಂದವು. ಮೊದಲ ದಿನ ಪಾತ್ರೆ ಬಿದ್ದ ಸದ್ದಿಗೇ ಕಿರುಚಿ ಎರಡನ್ನೂ ಕಿತ್ತೆಸೆದಳು. ಸೊಸೆ ಅಂಗಡಿಯಲ್ಲಿ ಮಧ್ಯಾಹ್ನದ ಪಾಳಿ ಕೇಳಿಕೊಂಡು ಬೆಳಿಗ್ಗೆ ಮಗುವನ್ನು ಮಾತು ಕಲಿಸುವ ಟೀಚರ್ ಬಳಿ ಒಯ್ಯತೊಡಗಿದಳು. ಮಧ್ಯಾಹ್ನ ಮಗುವನ್ನು ಅಂಗಡಿಯ ಹತ್ತಿರದ ಮಕ್ಕಳ ಮನೆಯಲ್ಲಿ ಬಿಡುತ್ತಿದ್ದಳು. ಸದ್ಯಕ್ಕೆ ಸನ್ನೆ ಬೇಡ, ಕಿವಿಗೆ ಕೆಲಸ ಕೊಡಬೇಕು ಎಂದು ಟೀಚರ್ ಹೇಳಿದ್ದಾರೆಂದು ಅವಳು ಅಜ್ಜಿಗೆ ತಿಳಿಸಿದಳು. ಆಜ್ಞೆಯಂತೆ ಹೇಳಲಿಲ್ಲ, ಬಹಳ ಮರ್ಯಾದೆಯಿಂದ ಹೇಳಿದಳು. ಚಹಾ ಬೇಕಾ ಅತ್ತೆ, ಮಾತ್ರೆ ತಗೊಂಡ್ರಾ ಅತ್ತೆ, ಬಾಗಿಲು ಹಾಕ್ಕೊಳ್ಳಿ ಅತ್ತೆ. ಅವಳ ಮಾತು ಅಷ್ಟಕ್ಕೇ ನಿಂತಿತು. ಪ್ರತಿಯೊಂದನ್ನೂ ಎದುರು ನಿಂತು, ತುಟಿ ಬಿಡಿಸಿ ಹೇಳುತ್ತಿದ್ದಳು. ಒಂದು ಅಕ್ಷರವೂ ತಪ್ಪದೆ ತಿಳಿಯುತ್ತಿತ್ತು. ಮೂಗಿ ಮಾಡಿದ್ದೀರಿ ಎಂದು ಬೈಯುತ್ತಿದ್ದ ಹೆಂಗಸು ಇದಕ್ಕಿಂತ ಹತ್ತಿರದವಳಾಗಿದ್ದಳು ಅನ್ನಿಸುತ್ತಿತ್ತು ಅಜ್ಜಿಗೆ.

ನಿನ್ನ ಕಿವಿಯನ್ನೂ ತೋರಿಸೋಣ ಅಮ್ಮ ಎಂದು ಮಗ ಎರಡು ಸಲ ಕೇಳಿದ. ನನಗಿನ್ನು ಏನು ಕೇಳೋದಿದೆ ಎಂದು ಅವಳು ತಳ್ಳಿಹಾಕಿದಳು.

ಮಧ್ಯಾಹ್ನಗಳಲ್ಲಿ ಈಗ ಅಜ್ಜಿ ಒಬ್ಬಳೇ ಈರುಳ್ಳಿ ಸುಲಿಯುತ್ತಿದ್ದಳು. ಸಂಜೆ ತಾಯಿ ಮಗಳು ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಆಟ ಬಿಡಿಸಬೇಡಿ, ಆದರೆ ಮಗುವನ್ನು ಒಂಟಿಯಾಗಿ ಕೂರಿಸಬೇಡಿ, ಗಿಣಿ ಹೇಳಿದ್ದನ್ನು ನೀವೂ ಹೇಳಿ, ಅವಳಿಂದಲೂ ಹೇಳಿಸಿ ಅಂದಿದ್ದರಂತೆ ಟೀಚರ್. ನಾಯಿಯ ಬಾಗಿಲು ತೆರೆಯಲು ಹದಿನೈದು ದಿನ ಹಿಡಿಯಿತು. ಒಂದೊಂದು ಸಂಜೆ ಒಂದೂ ತೆರೆಯುತ್ತಿರಲಿಲ್ಲ, ಸೊಸೆ ಮೇಜಿನ ಮೇಲೆ ತಲೆಯಿಟ್ಟು ಹಾಗೇ ಇದ್ದುಬಿಡುತ್ತಿದ್ದಳು. ಚಿಣ್ಣಿ ಒಮ್ಮೊಮ್ಮೆ ಕುರ್ಚಿಯಿಂದ ತಿರುಗಿ ಅಜ್ಜಿಯ ಕಡೆ ಕೈ ಎತ್ತುತ್ತಿದ್ದಳು. ಅಜ್ಜಿ ತನ್ನ ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಬೇರೆ ಕಡೆ ನೋಡುತ್ತಿದ್ದಳು. ತಿಂಗಳು ಕಳೆಯುವುದರೊಳಗೆ ಮಗು ಹಾಗೆ ತಿರುಗುವುದನ್ನು ಬಿಟ್ಟಿತು.

ಅದಾಗಿ ಇನ್ನೂ ಒಂದು ತಿಂಗಳ ಮೇಲೆ ಒಂದು ಭಾನುವಾರ ಮಧ್ಯಾಹ್ನ ದೊಡ್ಡವರು ಮೂವರೂ ಊಟಕ್ಕೆ ಕೂತಿದ್ದರು. ಚಿಣ್ಣಿ ಮೊದಲೇ ತಿಂದು ಒಳಕೋಣೆಯಲ್ಲಿ ಮಲಗಿದ್ದಳು. ಮಗ ಯಾವುದೋ ಹಳೆಯ ಕಟ್ಟಡದ ಲಿಫ್ಟಿನ ವಿಚಾರ ಹೇಳುತ್ತಿದ್ದ, ಅಜ್ಜಿ ಅವನ ಬಾಯಿ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಅವನ ಬಾಯಿ ಅರ್ಧದಲ್ಲೇ ನಿಂತಿತು. ಸೊಸೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು, ಎಂಜಲು ಕೈಯಲ್ಲೇ ಎದ್ದು, ಕುರ್ಚಿ ಉರುಳಿದ್ದನ್ನೂ ಲೆಕ್ಕಿಸದೆ ಒಳಗೆ ಓಡಿದಳು.

"ಏನಾಯ್ತೋ?" ಎಂದು ಅಜ್ಜಿ ಕೇಳಿದಳು.

ಮಗ ಒಳಬಾಗಿಲನ್ನೇ ನೋಡುತ್ತ ಏನೋ ಹೇಳಿದ. ಅವಳು ಅವನ ತೋಳು ಮುಟ್ಟಿದಳು. ಅವನು ತಿರುಗಿದಾಗ ಅವನ ಕಣ್ಣು ತುಂಬಿದ್ದವು.

"ಕರೆದಳು ಅಮ್ಮ. ಚಿಣ್ಣಿ. ಒಳಗಿನಿಂದ ಅಮ್ಮ ಅಂತ ಕರೆದಳು."

ಅಜ್ಜಿ ಬಾಗಿಲ ಕಡೆ ನೋಡಿದಳು. ಒಳಕೋಣೆಯ ಮಂಚದ ತುದಿಯಲ್ಲಿ ಸೊಸೆಯ ಬೆನ್ನು ಕಾಣುತ್ತಿತ್ತು. ಅದು ಅಲುಗುತ್ತಿತ್ತು. ಅವಳ ಕೊರಳಿನ ಸುತ್ತ ಎರಡು ಸಣ್ಣ ಕೈಗಳಿದ್ದವು.

"ಹೇಗಿದೆ ಅವಳ ದನಿ?"

ಮಗ ಹೇಳಲು ಬಾಯಿ ತೆರೆದ. "ಹೇಗೆ ಹೇಳಲಿ ಅಮ್ಮ" ಅಂದು ಕೈ ತೊಳೆಯದೇ ಎದ್ದು ಅವನೂ ಒಳಗೆ ಹೋದ.

ಅಜ್ಜಿ ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಅನ್ನ ಆರಿಹೋಗದಂತೆ ಸೊಸೆಯ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು.